ಮನೆ ಮಾಲೀಕರ ಒಂದು ಸಹಿ

ಪುಣೆಯ ಕನ್ನಡ ಕುಟುಂಬಗಳ ಮುಂದೆ ಆಡಿದ ಮಾತು, ಬರಹಕ್ಕೆ ತಂದದ್ದು

ನನ್ನನ್ನು ಇಲ್ಲಿಗೆ ಕರೆದವರು "ಮಕ್ಕಳನ್ನು ಫಾರಿನ್ನಿಗೆ ಓದಲಿಕ್ಕೆ ಕಳಿಸುವ ಬಗ್ಗೆ ಮಾತಾಡಿ" ಅಂದರು. ಸರಿ ಅಂದೆ. ಆದರೆ ನನಗೆ ಗೊತ್ತಿರುವ ಕೆಲಸ ಅದರ ಉಲ್ಟಾ. ಇಪ್ಪತ್ತೆರಡು ವರ್ಷ ಇದೇ ಊರಿನ ಒಂದು ಕಾಲೇಜಿನಲ್ಲಿದ್ದೆ. ಹೊರದೇಶದಿಂದ ಇಲ್ಲಿಗೆ ಓದಲು ಬಂದ ಹುಡುಗ ಹುಡುಗಿಯರ ಕಾಗದಪತ್ರ, ರೂಮು, ಜ್ವರ, ಜಗಳ ಎಲ್ಲ ನೋಡಿಕೊಂಡವಳು ನಾನು. ಹಾಗಾಗಿ ಬಾಗಿಲಿನ ಈ ಕಡೆಯಿಂದ ಶುರು ಮಾಡುತ್ತೇನೆ. ಆ ಕಡೆಗೆ ಆಮೇಲೆ ಹೋಗೋಣ.

ಮೊದಲು ಎರಡು ಪ್ರಶ್ನೆ. ಮಗನೋ ಮಗಳೋ ಸೋದರಳಿಯನೋ, ಮನೆಯ ಯಾರಾದರೂ ಒಬ್ಬರು ವಿದೇಶದಲ್ಲಿ ಓದುತ್ತಿರುವವರು ಕೈ ಎತ್ತಿ. ನೋಡಿ, ಅರ್ಧ ಹಾಲ್ ಎತ್ತಿತು. ಈಗ ಎರಡನೆಯದು. ಪುಣೆಗೆ ಓದಲು ಬಂದ ಒಬ್ಬ ವಿದೇಶಿ ವಿದ್ಯಾರ್ಥಿಯನ್ನು ಒಂದು ಸಲವಾದರೂ ಮನೆಗೆ ಊಟಕ್ಕೆ ಕರೆದವರು? ಮೂರು ಕೈ. ಅದರಲ್ಲಿ ಒಂದು ನಮ್ಮ ಮನೆಯವರದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬೈಯುವುದಕ್ಕೆ ಕೇಳಲಿಲ್ಲ. ನಾನೂ ಕೆಲಸಕ್ಕೆ ಸೇರಿ ಆರು ವರ್ಷದ ತನಕ ಯಾರನ್ನೂ ಮನೆಗೆ ಕರೆದಿರಲಿಲ್ಲ. ಆಫೀಸು ಆಫೀಸಿನಲ್ಲಿ, ಮನೆ ಮನೆಯಲ್ಲಿ.

2022ರ ಜುಲೈನಲ್ಲಿ ಸುಡಾನಿನಿಂದ ಒಬ್ಬ ಹುಡುಗ ಬಂದ. ಹತ್ತೊಂಬತ್ತು ವರ್ಷ, ಬಿಸಿಎಗೆ ಸೇರಿದ್ದ. ಹೆಸರು ಬೇಡ, ತಮ್ಮ ಅನ್ನೋಣ. ಯಾಕೆ ತಮ್ಮ ಅಂತ ಆಮೇಲೆ ಗೊತ್ತಾಗುತ್ತದೆ. ಹಾಸ್ಟೆಲ್ ತುಂಬಿತ್ತು. ಮೊದಲ ವಾರ ಒಂದು ಲಾಡ್ಜಿನಲ್ಲಿ ಇದ್ದ. ಹೊರಗೆ ಪುಣೆಯ ಮಳೆ. ಅಂಥ ಬಿಡದೆ ಹಿಡಿದ ಮಳೆಯನ್ನು ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ.

ನಮ್ಮ ದೇಶದ ನಿಯಮ ಏನು ಅಂದರೆ, 180 ದಿನಕ್ಕಿಂತ ಜಾಸ್ತಿ ಅವಧಿಯ ವೀಸಾ ಮೇಲೆ ಬಂದ ವಿದ್ಯಾರ್ಥಿ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. 2018ರಿಂದ ಇದು ಆನ್‌ಲೈನ್ ಆಗಿದೆ, ಸರತಿಯಲ್ಲಿ ನಿಲ್ಲುವ ತಾಪತ್ರಯ ಕಡಿಮೆ. ಆದರೆ ಹೆಸರು ಬರೆಸಲು ವಿಳಾಸ ಬೇಕು. ವಿಳಾಸಕ್ಕೆ ಮನೆ ಮಾಲೀಕರು ಬೇಕು. ಆ ಮಾಲೀಕರು "ಇಂಥ ವಿದೇಶಿ ನನ್ನ ಮನೆಯಲ್ಲಿ ಇದ್ದಾನೆ" ಅಂತ ಅವನು ಬಂದ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. ಆ ಹೊತ್ತಿಗೆ ಅದಕ್ಕೆ ಫಾರ್ಮ್ ಸಿ ಅನ್ನುತ್ತಿದ್ದರು. ಇದರ ಜೊತೆಗೆ ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರು ರಿಜಿಸ್ಟರ್ ಆಗಬೇಕು. ನಿಮಗೆಲ್ಲ ಗೊತ್ತು, ಆ ಹನ್ನೊಂದು ತಿಂಗಳ ಅಗ್ರಿಮೆಂಟ್.

ಗಂಟು ಇದೊಂದೇ ಅಲ್ಲ. ಸಿಮ್ ಕಾರ್ಡ್ ತಗೊಳ್ಳಲು ಹೋದರೆ ಅಂಗಡಿಯವನು "ಲೋಕಲ್ ರೆಫರೆನ್ಸ್ ನಂಬರ್ ಕೊಡು" ಅನ್ನುತ್ತಾನೆ. ಬಂದು ಮೂರು ದಿನವಾದ ಹುಡುಗನಿಗೆ ಯಾರ ನಂಬರ್ ಗೊತ್ತಿರುತ್ತದೆ? ಬ್ಯಾಂಕಿಗೆ ಹೋದರೆ ಅಲ್ಲೂ ವಿಳಾಸ ಬೇಕು. ಬ್ಯಾಂಕ್ ಖಾತೆ ಇಲ್ಲದಿದ್ದರೆ ಫೋನಿನಿಂದ ದುಡ್ಡು ಕಟ್ಟಲು ಬರುವುದಿಲ್ಲ. ಈಗ ರಸ್ತೆಬದಿಯ ಚಹಾ ಟಪರಿಯವನೂ ಕ್ಯೂಆರ್ ಹಲಗೆ ತೋರಿಸುತ್ತಾನೆ. ಐನೂರರ ನೋಟು ಹಿಡಿದು ಹನ್ನೆರಡು ರೂಪಾಯಿಯ ಚಹಾಕ್ಕೆ ನಿಂತರೆ "ಸುಟ್ಟೆ ನಾಹೀ" ಅನ್ನುತ್ತಾನೆ. ತಮ್ಮನಿಗೆ ಮರಾಠಿ ಬರುವುದಿಲ್ಲ. ಚಿಲ್ಲರೆ ಇಲ್ಲ ಅಂದದ್ದೋ, ನೀನು ಬೇಡ ಅಂದದ್ದೋ? ಅವನು ಎರಡನೆಯದು ಅಂದುಕೊಂಡ. ಐದು ದಿನ ಹೊರಗೆ ಚಹಾ ಕುಡಿಯಲೇ ಇಲ್ಲ.

ಬ್ರೋಕರ್ ಹದಿನೇಳು ಮನೆ ತೋರಿಸಿದ. ಕೆಲವರು ಬಾಗಿಲಿನಲ್ಲೇ ಮುಖ ನೋಡಿ ಬೇಡ ಅಂದರು. ಕೆಲವರು ರೂಮು ಕೊಡುತ್ತೇವೆ, ಕಾಗದ ಕೇಳಬೇಡಿ ಅಂದರು. ಬಾಡಿಗೆಯನ್ನು ತೆರಿಗೆ ಲೆಕ್ಕದಲ್ಲಿ ತೋರಿಸದವರಿಗೆ ಸರ್ಕಾರಿ ಫಾರ್ಮ್ ಅಂದರೆ ಹೆದರಿಕೆ. ಮನೆ ಉಂಟು, ಸಹಿ ಇಲ್ಲ. ಒಬ್ಬರ ಸೊಸೈಟಿಯವರು ಮೀಟಿಂಗ್ ಕರೆದು ಎನ್‌ಒಸಿ ಕೊಡುವುದಿಲ್ಲ ಅಂತ ಠರಾವು ಮಾಡಿದರು. ಒಬ್ಬ ಹುಡುಗನಿಗೋಸ್ಕರ ಮೀಟಿಂಗ್! ನೀರಿನ ಟ್ಯಾಂಕ್ ಸೋರುತ್ತಿದ್ದರೂ ಅವರು ಸೇರುವವರಲ್ಲ.

ಹನ್ನೊಂದನೇ ದಿನ ನಾನು ಕರ್ವೆನಗರದ ಒಬ್ಬ ಅಜ್ಜಿಯ ಮನೆಗೆ ಹೋದೆ. ವಿಜಾಪುರದ ಕಡೆಯವರು, ಗಂಡ ರೈಲ್ವೆಯಲ್ಲಿದ್ದರು, ತೀರಿಕೊಂಡಿದ್ದರು. ಮಾಳಿಗೆ ಮೇಲೆ ಒಂದು ಕೋಣೆ ಖಾಲಿ ಇತ್ತು. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ಮಾಂಸಾ ತಿಂತಾನೇನವಾ?" ಹೌದು ಅಂದೆ. "ಮನ್ಯಾಗ ಬ್ಯಾಡ. ಹೊರಗ ಏನರ ತಿನ್ಲಿ" ಅಂದರು. ಆಯಿತು ಅಷ್ಟೆ. ಮೊಮ್ಮಗ ಮೊಬೈಲಿನಲ್ಲೇ ಫಾರ್ಮ್ ಸಿ ತುಂಬಿದ. ಅಜ್ಜಿ ಅಗ್ರಿಮೆಂಟಿಗೆ ಕನ್ನಡದಲ್ಲಿ ಸಹಿ ಹಾಕಿದರು. ಹದಿಮೂರನೇ ದಿನ ಹೆಸರು ನೋಂದಣಿಗೆ ಹೋಯಿತು.

ಮೊದಲ ರಾತ್ರಿ ಅಜ್ಜಿ ರೊಟ್ಟಿ, ಎಣಗಾಯಿ ಹಾಕಿ ಮಾಳಿಗೆಗೆ ಕಳಿಸಿದರಂತೆ. ಹುಡುಗ ತಟ್ಟೆ ಹಿಡಿದು ಕೆಳಗಿಳಿದು ಬಂದ. ಇದು ಯಾವುದರ ಹಿಟ್ಟು ಅಂತ ಕೈ ಸನ್ನೆಯಲ್ಲಿ ಕೇಳಿದ. ಅಜ್ಜಿ ಡಬ್ಬಿ ತೆಗೆದು ಜೋಳ ತೋರಿಸಿದರು. ಸುಡಾನಿನಲ್ಲಿ ಕಿಸ್ರಾ ಅಂತ ಮಾಡುತ್ತಾರೆ. ಜೋಳದ ಹಿಟ್ಟನ್ನು ಹುಳಿ ಬರಿಸಿ, ತೆಳ್ಳಗೆ ದೋಸೆಯ ಹಾಗೆ ಹುಯ್ಯುವುದು. ಅದೇ ಜೋಳ. ಮರುದಿನ ಅವನು ಆಫೀಸಿಗೆ ಬಂದು "ಮ್ಯಾಡಂ, ಅಜ್ಜಿ ಹತ್ತಿರ ನಮ್ಮೂರಿನ ಕಾಳು ಇದೆ" ಅಂದ. ಅಜ್ಜಿಗೆ ಅವನ ಹೆಸರು ನಾಲಿಗೆಗೆ ಬರಲಿಲ್ಲ. "ತಮ್ಮಾ" ಅಂತ ಕರೆದರು. ನಾವೂ ಹಾಗೇ ಕರೆದೆವು.

ಈಗ ಬಾಗಿಲಿನ ಆ ಕಡೆ ಹೋಗೋಣ. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮ ಅಕ್ಕನ ಮಗ ಧಾರವಾಡದಿಂದ ಜರ್ಮನಿಯ ಆಖೆನ್ ಊರಿಗೆ ಎಂ.ಎಸ್. ಓದಲು ಹೋದ. ಇಲ್ಲಿ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ಜರ್ಮನ್ ಭಾಷೆ ಕಲಿಯುತ್ತ ಒಂದು ವರ್ಷ ನಮ್ಮ ಮನೆಯಲ್ಲೇ ಇದ್ದ. ಬುದ್ಧಿವಂತ. ಹೋದ ಒಂಬತ್ತನೇ ದಿನ ರಾತ್ರಿ ಎರಡಕ್ಕೆ ಫೋನ್ ಮಾಡಿದ. "ಮೌಶಿ, ರೂಮು ಸಿಕ್ಕಿದೆ, ಆದರೆ ಮಾಲೀಕ ಸಹಿ ಹಾಕುತ್ತಿಲ್ಲ."

ನನಗೆ ನಗು ಬಂತು. ನಗಬಾರದಿತ್ತು.

ಜರ್ಮನಿಯಲ್ಲೂ ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ಬರೆಸಬೇಕು. ವಿದೇಶಿಯರು ಮಾತ್ರ ಅಲ್ಲ, ಅಲ್ಲಿಯವರೂ ಬರೆಸಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ಚೀಟಿ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಗೂಡ್ಸ್ ಗಾಡಿಯಷ್ಟು ಉದ್ದ, ಆದರೆ ಒಳಗಿರುವುದು ನಮ್ಮ ಅಜ್ಜಿ ಹಾಕಿದ ಸಹಿಯೇ. ಆ ಚೀಟಿ ಇಲ್ಲದಿದ್ದರೆ ವಿಳಾಸ ದಾಖಲಾಗುವುದಿಲ್ಲ. ವಿಳಾಸ ದಾಖಲಾಗದಿದ್ದರೆ ತೆರಿಗೆ ನಂಬರ್ ಬರುವುದಿಲ್ಲ, ವೀಸಾ ಮುಂದುವರಿಸುವಾಗ ತೊಡಕು. ನಮ್ಮ ಹುಡುಗನಿಗೆ ರೂಮು ಕೊಟ್ಟವನು ತಾನೇ ಬಾಡಿಗೆದಾರ. ಒಳಬಾಡಿಗೆಗೆ ಕೊಟ್ಟಿದ್ದ, ಅದು ಅವನ ಮಾಲೀಕನಿಗೆ ಗೊತ್ತಿರಲಿಲ್ಲ. ಅಲ್ಲಿಯೂ ಅದೇ, ಮನೆ ಉಂಟು, ಸಹಿ ಇಲ್ಲ.

ನಾನು ಇಪ್ಪತ್ತೆರಡು ವರ್ಷದಲ್ಲಿ ಕಂಡದ್ದು ಇಷ್ಟು. ಹುಡುಗರು ಓದು ಕಷ್ಟ ಅಂತ ಮುರಿಯುವುದು ಅಪರೂಪ. ಮುರಿಯುವುದು ಮೊದಲ ಮೂರು ವಾರದಲ್ಲಿ, ಇಂಥ ಸಣ್ಣ ಗಂಟಿನಲ್ಲಿ. ಆ ಗಂಟು ಬಿಚ್ಚುವುದು ಯುನಿವರ್ಸಿಟಿಯೂ ಅಲ್ಲ, ರಾಯಭಾರ ಕಚೇರಿಯೂ ಅಲ್ಲ. ಆ ಊರಿನ ಒಂದು ಮನೆ. ಒಂದೇ ಮನೆ ಸಾಕು.

ಇದು ಹೊಸ ಮಾತೇನಲ್ಲ. ಇದೇ ಪುಣೆಯಲ್ಲಿ ಕಣ್ಣು ಮುಚ್ಚಿದ ಆನಂದಿಬಾಯಿ ಜೋಶಿಯವರ ಕಥೆ ನಿಮಗೆ ಗೊತ್ತು. ಅಮೆರಿಕದಲ್ಲಿ ಓದಿ ವೈದ್ಯೆಯಾದ ಮೊದಲ ಹಿಂದೂ ಹೆಣ್ಣುಮಗಳು. ಎಲ್ಲರೂ ಅವರ ಧೈರ್ಯದ ಬಗ್ಗೆ, ಗಂಡ ಗೋಪಾಳರಾಯರ ಹಟದ ಬಗ್ಗೆ ಹೇಳುತ್ತಾರೆ. ನನಗೆ ಕಾಡುವವರು ಇನ್ನೊಬ್ಬರು. ಗೋಪಾಳರಾಯರು ಹೆಂಡತಿಯನ್ನು ಓದಿಸಲು ಸಹಾಯ ಕೇಳಿ ಒಬ್ಬ ಮಿಷನರಿಗೆ ಪತ್ರ ಬರೆದರು. ಆ ಪತ್ರ ಅಮೆರಿಕದ ಒಂದು ಮಿಷನರಿ ಪತ್ರಿಕೆಯಲ್ಲಿ ಅಚ್ಚಾಯಿತು. ನ್ಯೂಜೆರ್ಸಿಯ ರೋಸೆಲ್ ಅನ್ನುವ ಸಣ್ಣ ಊರಿನ ಥಿಯೋಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಸರದಿ ಬರುವ ತನಕ ಅಲ್ಲಿದ್ದ ಪತ್ರಿಕೆ ತಿರುವಿದಾಗ ಇದು ಕಣ್ಣಿಗೆ ಬಿತ್ತು. ಮನೆಗೆ ಹೋಗಿ ಪತ್ರ ಬರೆದರು. ಇಬ್ಬರ ನಡುವೆ ಪತ್ರ ವರ್ಷಗಟ್ಟಲೆ ಓಡಾಡಿತು. 1883ರಲ್ಲಿ ಹದಿನೆಂಟು ವರ್ಷದ ಆನಂದಿಬಾಯಿ ಗಂಡನಿಲ್ಲದೆ ಹಡಗು ಹತ್ತಿ ಹೋದಾಗ ನ್ಯೂಯಾರ್ಕಿನಲ್ಲಿ ಕರೆದುಕೊಳ್ಳಲು ಬಂದವರು ಈ ಹೆಂಗಸೇ. ಕಾಲೇಜು ಶುರುವಾಗುವ ತನಕ ಇಟ್ಟುಕೊಂಡದ್ದು ತಮ್ಮ ಮನೆಯಲ್ಲೇ. ಯೋಚಿಸಿ ನೋಡಿ, ಫಿಲಡೆಲ್ಫಿಯಾದ ಕಾಲೇಜಿಗಿಂತ ಮೊದಲು ಸಿಕ್ಕಿದ್ದು ರೋಸೆಲ್‌ನ ಆ ಮನೆ.

1886ರ ಮಾರ್ಚಿನಲ್ಲಿ ಪದವಿ ಕೊಟ್ಟಾಗ ಸಭೆಯಲ್ಲಿ, ಹೆಂಗಸರ ಓದಿಗಾಗಿ ದುಡಿದ ಪಂಡಿತಾ ರಮಾಬಾಯಿ ಇದ್ದರು. ಇಲ್ಲಿ ಒಂದು ನಿಮಿಷ ದಾರಿ ಬಿಡುತ್ತೇನೆ. ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ, ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರಿಂದ ಬೈಸಿಕೊಂಡವರು. ಪುಣೆಯವರು ರಮಾಬಾಯಿ ನಮ್ಮವರು ಅನ್ನುತ್ತಾರೆ. ಅನ್ನಲಿ. ಹುಟ್ಟಿದ ಮಣ್ಣು ಮಾತ್ರ ನಮ್ಮದು ಅಂತ ನಾನು ಪ್ರತಿ ಸಲ ನೆನಪಿಸುತ್ತೇನೆ. ಆಯಿತು, ವಾಪಸ್ ಬಂದೆ.

ಆನಂದಿಬಾಯಿ ಕ್ಷಯ ಹಿಡಿಸಿಕೊಂಡು ಊರಿಗೆ ಮರಳಿದರು. 1887ರ ಫೆಬ್ರವರಿಯಲ್ಲಿ ತೀರಿಕೊಂಡರು, ಇಪ್ಪತ್ತೆರಡು ತುಂಬಿರಲಿಲ್ಲ. ಅವರ ಅಸ್ಥಿಯನ್ನು ಕಾರ್ಪೆಂಟರ್ ಅವರಿಗೆ ಕಳಿಸಲಾಯಿತು. ಅವರು ಅದನ್ನು ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ ತಮ್ಮ ಮನೆತನದ ಸ್ಮಶಾನದಲ್ಲಿ ಇಟ್ಟರು. ಈಗಲೂ ಅಲ್ಲಿ ಕಲ್ಲು ಇದೆ. ನಾವು ಪೇಯಿಂಗ್ ಗೆಸ್ಟ್ ಇಟ್ಟುಕೊಳ್ಳಲು ಸೊಸೈಟಿ ಮೀಟಿಂಗ್ ಕರೆಯುತ್ತೇವೆ.

ಪುಣೆಯ ಇನ್ನೊಂದು ಕಥೆ ಕಿಟಕಿಯದು. ಡಾಕ್ಟರ್ ಎಸ್.ಬಿ. ಮುಜುಂದಾರ್ ಫರ್ಗ್ಯುಸನ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು, ಹುಡುಗರ ಹಾಸ್ಟೆಲಿನ ರೆಕ್ಟರ್ ಕೂಡ ಆಗಿದ್ದರು. ಅವರ ಊರು ಗಡಹಿಂಗ್ಲಜ, ನಮ್ಮ ಸಂಕೇಶ್ವರದ ಮಗ್ಗಲಿಗೇ. ಒಂದು ದಿನ ಒಬ್ಬ ಹುಡುಗಿ ಹಾಸ್ಟೆಲಿನ ಕಿಟಕಿಯೊಳಗೆ ಏನೋ ಕೊಡುತ್ತಿರುವುದು ಕಾಣಿಸಿತು. ಸಿಟ್ಟಿನಿಂದ ಹೋಗಿ ವಿಚಾರಿಸಿದರೆ, ಒಳಗೆ ಮಾರಿಷಸ್ಸಿನ ಹುಡುಗ ಕಾಮಾಲೆ ಹತ್ತಿ ಮಲಗಿದ್ದ. ನೋಡುವವರು ಯಾರೂ ಇರಲಿಲ್ಲ. ಅವಳು ಊಟ ತಂದು ಕೊಡುತ್ತಿದ್ದಳು. ಇದನ್ನು ಮುಜುಂದಾರರೇ ಎಷ್ಟೋ ಕಡೆ ಹೇಳಿದ್ದಾರೆ. ವಿದೇಶಿ ವಿದ್ಯಾರ್ಥಿಗಳಿಗೆ ಅಂತ ಅವರು ಶುರು ಮಾಡಿದ ಸಣ್ಣ ಕೆಲಸವೇ 1971ರಲ್ಲಿ ಸಿಂಬಯಾಸಿಸ್ ಆಯಿತು. ಈಗ ಅದು ದೊಡ್ಡ ವಿಶ್ವವಿದ್ಯಾಲಯ. ಮೂಲ ಮಾತ್ರ ಕಿಟಕಿಯಲ್ಲಿ ದಾಟಿದ ಒಂದು ಊಟದ ಡಬ್ಬಿ.

ನನ್ನ ಕಥೆಯಲ್ಲಿ ಮಾತ್ರ ಡಬ್ಬಿ ದಾಟಲಿಲ್ಲ. ಅದನ್ನೂ ಹೇಳಬೇಕು.

ಭಾರತದಲ್ಲಿ ಓದುವ ವಿದೇಶಿಯರು ಎಷ್ಟು ಗೊತ್ತಾ? ಸರ್ಕಾರದ 2021-22ರ ಸಮೀಕ್ಷೆಯಲ್ಲಿ ಸುಮಾರು 47 ಸಾವಿರ. ಅದರಲ್ಲಿ ಎಲ್ಲರಿಗಿಂತ ಜಾಸ್ತಿ ನೇಪಾಳದವರು, ಕಾಲು ಭಾಗಕ್ಕಿಂತ ಹೆಚ್ಚು. ನೇಪಾಳದವರಿಗೆ ಇಲ್ಲಿ ವೀಸಾ ಬೇಡ, ಆ 14 ದಿನದ ತಾಪತ್ರಯವೂ ಇಲ್ಲ. ಒಳ್ಳೆಯದೇ ಅಲ್ವಾ? ಆದರೆ ಆಫೀಸಿನಲ್ಲಿ ನಾವು ಹುಡುಗರನ್ನು ಗುರುತಿಡುತ್ತಿದ್ದದ್ದೇ ಆ ನೋಂದಣಿ ಪಟ್ಟಿಯಿಂದ. ಪಟ್ಟಿಯಲ್ಲಿ ಇಲ್ಲದವರು ನಮ್ಮ ತಲೆಯಲ್ಲೂ ಇರಲಿಲ್ಲ. ಒಂದು ವರ್ಷ ಸೆಪ್ಟೆಂಬರಿನಲ್ಲಿ ನೇಪಾಳದ ಒಬ್ಬ ಹುಡುಗಿಗೆ ಡೆಂಗಿ ಆಯಿತು. ಎಂಟು ದಿನ ಬಾಡಿಗೆ ರೂಮಿನಲ್ಲಿ ಒಬ್ಬಳೇ ಮಲಗಿದ್ದಳು. ಹಿಂದಿ ಚೆನ್ನಾಗಿ ಮಾತಾಡುತ್ತಾಳೆ, ನಮ್ಮ ಹಾಗೇ ಇದ್ದಾಳೆ, ಹೇಗೋ ಇರುತ್ತಾಳೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ನಾನೂ. ಹಾಜರಿ ಕಡಿಮೆ ಅಂತ ನಾನೇ ಸಹಿ ಮಾಡಿ ಅವಳಿಗೆ ನೋಟಿಸ್ ಕಳಿಸಿದ್ದೆ. ಆ ನೋಟಿಸ್ ಹಿಡಿದುಕೊಂಡು ಅವಳು ಆಫೀಸಿಗೆ ಬಂದಳು. ಗೋಡೆ ಹಿಡಿದು ನಡೆಯುತ್ತಿದ್ದಳು. ಕ್ಷಮೆ ಕೇಳಲು ಬಂದಿದ್ದಳು, ನನ್ನ ಹತ್ತಿರ.

ಗುಣವಾದಳು, ಓದು ಮುಗಿಸಿದಳು. ಅವಳ ಆ ನಡಿಗೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಾದ ಮೇಲೆ ನಾನು ಪಟ್ಟಿ ಬದಲಾಯಿಸಿದೆ. ವೀಸಾ ಇದೆಯೋ ಇಲ್ಲವೋ ಅಂತಲ್ಲ, ದೀಪಾವಳಿಗೆ ಮನೆಗೆ ಹೋಗುವವರು ಯಾರು, ಹೋಗದವರು ಯಾರು ಅಂತ.

ಯಾಕೆ ದೀಪಾವಳಿ? ಪುಣೆಯ ಮೆಸ್ಸುಗಳು ದೀಪಾವಳಿಗೆ ಮುಚ್ಚುತ್ತವೆ. ಅಡುಗೆಯವರಿಗೂ ಊರಿದೆ. ಹಾಸ್ಟೆಲ್ ಖಾಲಿ, ಡಬ್ಬಾವಾಲಿ ಮೌಶಿ ರಜೆ, ಸಣ್ಣ ಹೋಟೆಲುಗಳೂ ಎರಡು ದಿನ ಬಂದ್. ಊರೆಲ್ಲ ದೀಪ, ಪಟಾಕಿ, ಫರಾಳ. ಆಗ ಬ್ರೆಡ್ಡು ಬಾಳೆಹಣ್ಣು ತಿಂದು ರೂಮಿನಲ್ಲಿ ಕೂತವರು ಇವರು. ಪಟಾಕಿ ಸದ್ದಿಗೆ ಬೆಚ್ಚಿ ಬೀಳುವ ಹುಡುಗರೂ ಇದ್ದರು, ಯುದ್ಧ ಕಂಡ ದೇಶದಿಂದ ಬಂದವರು. ಅಮೆರಿಕ, ಯುರೋಪಿನಲ್ಲಿ ಓದುವ ನಿಮ್ಮ ಮಕ್ಕಳನ್ನು ಕ್ರಿಸ್‌ಮಸ್ ವಾರ ಹೇಗಿತ್ತು ಅಂತ ಕೇಳಿ. ಕ್ಯಾಂಟೀನ್ ಬಂದ್, ಬಸ್ಸು ಕಡಿಮೆ, ಸಂಜೆ ನಾಲ್ಕೂವರೆಗೆ ಕತ್ತಲೆ. ಫೋನಿನಲ್ಲಿ "ಆರಾಮಿದ್ದೇನೆ ಅಮ್ಮ" ಅಂದಿರುತ್ತಾರೆ. ಊರಿನ ನೆನಪು ಮೊದಲ ವಾರ ಕಾಡುವುದಿಲ್ಲ. ಆಗ ಎಲ್ಲ ಹೊಸದು. ಕಾಡುವುದು ಬೇರೆಯವರ ಹಬ್ಬಕ್ಕೆ.

ಮನೆಯಲ್ಲಿ ಯುದ್ಧ ಶುರುವಾದರೆ ಇನ್ನೂ ಕಷ್ಟ. 2021ರ ಆಗಸ್ಟ್ 15, ಕೊರೋನಾ ಕಾಲ, ಧ್ವಜಾರೋಹಣಕ್ಕೆ ಹತ್ತು ಜನ ಸೇರಿದ್ದೆವು. ಅವತ್ತೇ ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ರಾತ್ರಿಯಿಡೀ ನಮ್ಮ ಅಫ್ಘಾನ್ ಹುಡುಗರ ಫೋನ್. ಏನು ಹೇಳಲಿ? "ಊಟ ಆಯಿತಾ" ಅಂತ ಕೇಳಿದೆ. ಬೇರೆ ಮಾತು ಬರಲಿಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಸೈನ್ಯವೂ ಅರೆಸೇನಾ ಪಡೆಯೂ ಹೊಡೆದಾಟಕ್ಕಿಳಿದವು. ರಾಜಧಾನಿ ಖಾರ್ಟೂಮಿನಲ್ಲಿ ಬ್ಯಾಂಕು ಮುಚ್ಚಿದವು. ತಮ್ಮನ ಮನೆಯಿಂದ ದುಡ್ಡು ನಿಂತಿತು. ಕೆಲವು ದಿನ ಅಪ್ಪ ಅಮ್ಮ ಎಲ್ಲಿದ್ದಾರೆ ಅಂತಲೇ ಗೊತ್ತಿರಲಿಲ್ಲ. ವಿದ್ಯಾರ್ಥಿ ವೀಸಾದಲ್ಲಿ ಇಲ್ಲಿ ಕೆಲಸ ಮಾಡುವ ಹಾಗೂ ಇಲ್ಲ. ಕಾಲೇಜು ಫೀಸು ಕಟ್ಟಲು ಸಮಯ ಕೊಡಿಸಿದೆ, ಅಷ್ಟು ನನ್ನ ಕೈಯಲ್ಲಿತ್ತು. ಬಾಡಿಗೆ ಬಗ್ಗೆ ಮಾತಾಡಲು ಅಜ್ಜಿಯ ಹತ್ತಿರ ಹೋದರೆ ಅವರು ಸಿಟ್ಟಿಗೆದ್ದರು. "ಬಾಡಿಗಿ ಎಲ್ಲಿ ಓಡಿಹೋಗ್ತದ? ಮೊದ್ಲ ಅವನ ಅವ್ವ ಸಿಗ್ಲಿ." ಒಂಬತ್ತು ದಿನಕ್ಕೆ ಸಿಕ್ಕರು. ಈಜಿಪ್ಟಿಗೆ ದಾಟಿದ್ದರು.

ಒಂದು ಕಹಿ ಮಾತು ಇದೆ, ಬೇಗ ಮುಗಿಸುತ್ತೇನೆ. ಆಫ್ರಿಕಾದ ಹುಡುಗರನ್ನು ನಾವು ರಸ್ತೆಯಲ್ಲಿ ಏನಂತ ಕರೆಯುತ್ತೇವೆ, ನಮ್ಮ ಮಕ್ಕಳು ಯಾವ ಹೆಸರಿಟ್ಟು ನಗುತ್ತಾರೆ, ಈ ಹಾಲಿನಲ್ಲಿ ಎಲ್ಲರಿಗೂ ಗೊತ್ತು. ಮೆಲ್ಬರ್ನಿನಲ್ಲಿ, ಟೊರಾಂಟೋದಲ್ಲಿ ನಮ್ಮ ಹುಡುಗನಿಗೆ ಯಾರೋ ಒಂದು ಮಾತು ಅಂದರೆ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಬೆಂಕಿ. ತಮ್ಮನಿಗೆ ಲಿಫ್ಟಿನಲ್ಲಿ ಒಬ್ಬಾಕೆ ಮೂಗು ಮುಚ್ಚಿಕೊಂಡರಂತೆ. ಅವನು ಇದನ್ನು ಹೇಳಿದ್ದು ಮೂರು ವರ್ಷದ ಮೇಲೆ, ಊರಿಗೆ ಹೊರಡುವ ದಿನ.

ಈಗ ನೀವು ಕೇಳಬೇಕು ಅಂತ ಬಂದ ವಿಷಯ. ಕಳಿಸುವುದು ಹೇಗೆ? ಕಳಿಸಿ. ನಾನು ಬೇಡ ಅನ್ನುವವಳಲ್ಲ. ಹೊರಗೆ ಓದಿದ ಮಕ್ಕಳ ಮುಖದ ಕಳೆಯೇ ಬೇರೆ. 2024-25ರಲ್ಲಿ ಅಮೆರಿಕದಲ್ಲೇ ನಮ್ಮವರು 3 ಲಕ್ಷ 63 ಸಾವಿರ ಇದ್ದರು, ಅಲ್ಲಿಯ ವಿದೇಶಿಯರಲ್ಲಿ ನಾವೇ ಹೆಚ್ಚು. ಆದರೆ ಜಂಗಲಿ ಮಹಾರಾಜ್ ರಸ್ತೆಯಲ್ಲಿ ನಡೆದರೆ ಬೋರ್ಡಿಗೆ ಬೋರ್ಡು ತಾಗಿಕೊಂಡಿದೆ, "ಉಚಿತ ಸಲಹೆ" ಅಂತ. ಉಚಿತ ಹೇಗೆ? ಆಫೀಸಿನ ಬಾಡಿಗೆ ಯಾರು ಕಟ್ಟುತ್ತಾರೆ? ಬ್ರಿಟನ್, ಆಸ್ಟ್ರೇಲಿಯಾ, ಕೆನಡಾದ ಅನೇಕ ಕಾಲೇಜುಗಳು ಪ್ರತಿ ವಿದ್ಯಾರ್ಥಿಗೆ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಅದು ಕದ್ದುಮುಚ್ಚಿ ಮಾಡುವ ವ್ಯವಹಾರವೂ ಅಲ್ಲ. ಹಾಗಾಗಿ ಏಜೆಂಟ್ ನಿಮ್ಮ ಮಗಳಿಗೆ ಕಾಲೇಜು ಹುಡುಕುತ್ತಿಲ್ಲ, ಕಾಲೇಜಿಗೆ ನಿಮ್ಮ ಮಗಳನ್ನು ಹುಡುಕುತ್ತಿದ್ದಾನೆ. ಎಲ್ಲರೂ ಮೋಸಗಾರರು ಅಂತಲ್ಲ, ಒಳ್ಳೆಯವರೂ ಇದ್ದಾರೆ. ಕೂತ ಕೂಡಲೇ "ಈ ಕಾಲೇಜಿನಿಂದ ನಿಮಗೆ ಎಷ್ಟು ಬರುತ್ತದೆ?" ಅಂತ ಕೇಳಿ. ಒಳ್ಳೆಯವರು ನಕ್ಕು ಹೇಳುತ್ತಾರೆ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವೇ ಇಲ್ಲ. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯುರೋ. ಶುಲ್ಕ ಇಲ್ಲದ ಕಡೆ ಕಮಿಷನ್ ಎಲ್ಲಿಂದ ಬರಬೇಕು? ಅದಕ್ಕೇ ಏಜೆಂಟರ ಬಾಯಲ್ಲಿ ಅವುಗಳ ಹೆಸರು ಕಡಿಮೆ. ಹಾಗಂತ ಅದು ಪುಕ್ಕಟೆ ಅಂತಲೂ ಅಲ್ಲ. ಒಂದು ವರ್ಷದ ಖರ್ಚು, ಈಗಿನ ಲೆಕ್ಕದಲ್ಲಿ 11,904 ಯುರೋ, ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ದುಡ್ಡು ನಿಮ್ಮದೇ, ಆದರೆ ತಿಂಗಳಿಗೆ 992 ಯುರೋ ಮಾತ್ರ ಹೊರಗೆ ಬರುತ್ತದೆ. ನನಗೆ ಈ ಪದ್ಧತಿ ಬಹಳ ಇಷ್ಟ. ನಮ್ಮ ಮನೆಯವರಿಗೂ ಇಂಥದ್ದೊಂದು ಖಾತೆ ತೆಗೆಯಬೇಕು ಅಂತ ಎಷ್ಟೋ ಸಲ ಅನಿಸಿದೆ. ಇದಲ್ಲದೆ 2022ರ ನವೆಂಬರಿನಿಂದ ಭಾರತದವರು ವೀಸಾಕ್ಕೆ ಮೊದಲು ಎಪಿಎಸ್ ಪ್ರಮಾಣಪತ್ರ ತಗೊಳ್ಳಬೇಕು. ನಮ್ಮ ಅಂಕಪಟ್ಟಿ ಅಸಲಿ ಅಂತ ಅವರು ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಸಮಯ ಹಿಡಿಯುತ್ತದೆ, ಮೊದಲೇ ಹಾಕಿ.

ಕಾಗದ ನೀವೇ ಪರೀಕ್ಷೆ ಮಾಡಿ. 2023ರಲ್ಲಿ ಕೆನಡಾದಲ್ಲಿ ನಮ್ಮ ದೇಶದ ಎಷ್ಟೋ ಹುಡುಗರ ಪ್ರವೇಶಪತ್ರವೇ ನಕಲಿ ಅಂತ ಹೊರಗೆ ಬಂತು. ಓದಿ, ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು. ಕಾಲೇಜಿಗೆ ನೇರ ಒಂದು ಇಮೇಲ್ ಹಾಕಿ ಕೇಳಿದರೆ ಹತ್ತು ನಿಮಿಷದ ಕೆಲಸ.

ಸಾಲದ ಬಗ್ಗೆ ಒಂದು ಮಾತು. ಓದು ಮುಗಿಯುವ ತನಕ ಕಂತು ಕಟ್ಟಬೇಕಾಗಿಲ್ಲ ಅಂತ ಬ್ಯಾಂಕಿನವರು ಹೇಳುತ್ತಾರೆ. ನಿಜ. ಆದರೆ ಆ ಹೊತ್ತಿನಲ್ಲೂ ಬಡ್ಡಿ ಬೆಳೆಯುತ್ತಿರುತ್ತದೆ. ಕೈಲಾದರೆ ಓದುವ ಕಾಲದಲ್ಲೇ ಬಡ್ಡಿ ಕಟ್ಟುತ್ತ ಹೋಗಿ. ಇನ್ನೊಂದು, ಸಾಲ ರೂಪಾಯಿಯಲ್ಲಿ, ಫೀಸು ಡಾಲರಿನಲ್ಲಿ. 2014ರಲ್ಲಿ ಡಾಲರಿಗೆ 60 ರೂಪಾಯಿ ಸುಮಾರು ಇತ್ತು, 2024ರಲ್ಲಿ 83, 84. ಮೊದಲ ವರ್ಷದ ಲೆಕ್ಕ ಹಾಕಿ ಎರಡನೇ ವರ್ಷಕ್ಕೆ ಅದೇ ಸಾಕು ಅಂದುಕೊಂಡವರು ಕೊನೆಯ ಸೆಮಿಸ್ಟರಿನಲ್ಲಿ ಒಡವೆ ಮಾರಿದ್ದನ್ನು ನೋಡಿದ್ದೇನೆ.

ನಡುದಾರಿಯಲ್ಲಿ ದುಡ್ಡು ಮುಗಿಯುವುದು ಎಂಥೆಂಥವರಿಗೂ ಆಗಿದೆ. ಬಾಬಾಸಾಹೇಬ ಅಂಬೇಡ್ಕರರು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, ಅಲ್ಲಿಂದ ಲಂಡನ್ನಿಗೆ. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಓದು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ದುಡ್ಡು ಕೂಡಿಟ್ಟರು. ಕೊಲ್ಹಾಪುರದ ಶಾಹೂ ಮಹಾರಾಜರು ಕೈ ಹಿಡಿದರು, ನವಲ್ ಭಾಥೇನಾ ಅನ್ನುವ ಪಾರ್ಸಿ ಗೆಳೆಯ ಸಾಲ ಕೊಟ್ಟರು. 1920ರಲ್ಲಿ ಮತ್ತೆ ಹೊರಟರು. ರಾಜರ ಹೆಸರು ಎಲ್ಲರಿಗೂ ಗೊತ್ತು. ನನಗೆ ಆ ಗೆಳೆಯನ ಮೇಲೆ ಪ್ರೀತಿ ಜಾಸ್ತಿ. ನಿಮ್ಮ ಮಗುವಿಗೂ ನಡುದಾರಿಯಲ್ಲಿ ಕೇಳಲು ಒಬ್ಬ ಭಾಥೇನಾ ಇದ್ದಾರೆಯೇ ಅಂತ ಹೊರಡುವ ಮೊದಲೇ ಯೋಚಿಸಿ. ಮುಂಬಯಿಯಲ್ಲಿ ಜೆ.ಎನ್. ಟಾಟಾ ದತ್ತಿ ಇದೆ, 1892ರಿಂದ ವಿದೇಶದ ಓದಿಗೆ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತಿದೆ. ಯುರೋಪಿನ ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನ ಇದೆ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮಹಾರಾಷ್ಟ್ರ ಸರ್ಕಾರದ ರಾಜರ್ಷಿ ಶಾಹೂ ಮಹಾರಾಜ್ ಯೋಜನೆ ಇದೆ. ಅರ್ಜಿ ಹಾಕುವುದಕ್ಕೆ ಸೋಮಾರಿತನ ಬೇಡ.

ಯಾರನ್ನು ಕಳಿಸಬೇಕು ಅಂತ ಮುಂದಿನ ಸಾಲಿನ ಅಕ್ಕ ಚೀಟಿ ಕಳಿಸಿದ್ದಾರೆ. "ಮಗ ತೊಂಬತ್ತೆರಡು ಪರ್ಸೆಂಟ್" ಅಂತ ಬರೆದಿದ್ದಾರೆ. ಅಕ್ಕಾ, ಪರ್ಸೆಂಟ್ ಇರಲಿ, ಅವನಿಗೆ ಕುಕ್ಕರ್ ಇಡಲು ಬರುತ್ತದಾ? ಗೊತ್ತಿಲ್ಲದವರ ಹತ್ತಿರ ಹೋಗಿ "ನನಗೆ ಇದು ಅರ್ಥ ಆಗಲಿಲ್ಲ" ಅನ್ನಲು ಬರುತ್ತದಾ? ಎರಡನೆಯದು ಕುಕ್ಕರಿಗಿಂತ ಕಷ್ಟ. ನಮ್ಮ ಜಾಣ ಹುಡುಗರಿಗೆ ಅದೇ ಬರುವುದಿಲ್ಲ. ನಮ್ಮ ಸುಡಾನಿನ ತಮ್ಮ ಅವತ್ತು ಆ ಟಪರಿಯವನನ್ನು "ಏನಂದಿರಿ?" ಅಂತ ಕೇಳಿದ್ದರೆ ಐದು ದಿನದ ಚಹಾ ತಪ್ಪುತ್ತಿರಲಿಲ್ಲ. ಕಲಿಸುವುದಕ್ಕೆ ಒಂದು ದಾರಿ ಇದೆ. ಈ ವರ್ಷವೇ ಒಬ್ಬ ವಿದೇಶಿ ವಿದ್ಯಾರ್ಥಿಯ ಜೊತೆ ನಿಮ್ಮ ಮಗನನ್ನು ಬ್ಯಾಂಕಿಗೆ, ಸಿಮ್ ಅಂಗಡಿಗೆ ಕಳಿಸಿ. ಸಹಾಯ ಮಾಡಲಿ ಅಂತಲ್ಲ. ಸುಮ್ನೆ ಪಕ್ಕದಲ್ಲಿ ನಿಲ್ಲಲಿ. ನಾಳೆ ತಾನು ಕೌಂಟರಿನ ಆ ಕಡೆ ಹೇಗೆ ನಿಲ್ಲುತ್ತೇನೆ ಅಂತ ಗೊತ್ತಾಗುತ್ತದೆ.

ಆಖೆನ್‌ನ ಹುಡುಗ ಏನಾದ ಅಂತ ಕೇಳುತ್ತಿದ್ದೀರಿ. ಅವನ ತರಗತಿಯ ಗೆಳೆಯನ ತಾಯಿ ತಮ್ಮ ಮನೆಯ ಅಟ್ಟದ ಕೋಣೆ ಕೊಟ್ಟರು, ಆ ಗೂಡ್ಸ್ ಗಾಡಿ ಚೀಟಿಗೆ ಸಹಿಯನ್ನೂ ಹಾಕಿದರು. ಹದಿನೇಳನೇ ದಿನ ಹೋದ, ಮೂರು ದಿನ ತಡ. ಕಚೇರಿಯಾಕೆ ಕನ್ನಡಕದ ಮೇಲಿಂದ ನೋಡಿ ಠಸ್ಸೆ ಹೊಡೆದರಂತೆ.

ಹೊರಗೆ ಹೋಗುವಾಗ ಬಾಗಿಲ ಹತ್ತಿರದ ಮೇಜು ನೋಡಿ, ಅಲ್ಲಿ ಒಂದು ವಹಿ ಇಟ್ಟಿದ್ದೇನೆ. ಮೂರು ಕಾಲಂ ಇದೆ. ರೂಮು ಕೊಟ್ಟು ಆ ಸರ್ಕಾರಿ ಫಾರ್ಮ್ ತುಂಬಬಲ್ಲವರು ಮೊದಲನೆಯದರಲ್ಲಿ ಬರೆಯಿರಿ. ಸಿಮ್ ಕಾರ್ಡಿಗೆ ನಂಬರ್ ಕೊಡಬಲ್ಲವರು ಎರಡನೆಯದರಲ್ಲಿ. ದೀಪಾವಳಿ ಎರಡು ದಿನ ಊಟಕ್ಕೆ ಕರೆಯಬಲ್ಲವರು ಮೂರನೆಯದರಲ್ಲಿ. ಅಜ್ಜಿಯ ಮಾಳಿಗೆ ಕೋಣೆ ಜೂನ್‌ನಿಂದ ಖಾಲಿ ಇದೆ, ಅವರ ಹೆಸರು ಆಗಲೇ ಬರೆದಿದ್ದೇನೆ. ಪೆನ್ನನ್ನು ದಾರದಿಂದ ವಹಿಗೆ ಕಟ್ಟಿದ್ದೇನೆ. ಹೋದ ಸಲ ಹೆಸರು ನಾಲ್ಕೇ ಬಂದವು, ಪೆನ್ನು ಮಾತ್ರ ಎರಡು ಹೋದವು.